ಪಾತ್ರೆ ತೊಳೆಯುವ ನೀರಿನಿಂದ ಪ್ರಯೋಗಶಾಲೆಯವರೆಗೆ: ಆಗ್ನೆಸ್ ಪೊಕೆಲ್ಸ್

ಕಳೆದ ತಿಂಗಳು ನಮ್ಮ ಕಾಲೇಜಿನಲ್ಲಿ ನಡೆದ ವಿಜ್ಞಾನ ವಸ್ತುಪ್ರದರ್ಶನ ಎಲ್ಲರಿಗೂ ನೆನಪಿರಬಹುದು. ವಾಣಿಜ್ಯ ವಿಭಾಗದ ನಮಗೆ ಅಲ್ಲಿ ಮಾದರಿ ಇಡುವ ಕೆಲಸವಿರಲಿಲ್ಲ. ಬಾಗಿಲಲ್ಲಿ ಕುಳಿತು ಬಂದವರ ಹೆಸರು ಬರೆದುಕೊಳ್ಳುವುದಷ್ಟೇ ನಮ್ಮ ಪಾಲಿನ ಕೆಲಸ. ಮಧ್ಯಾಹ್ನ ಜನ ಕಡಿಮೆಯಾದಾಗ ನಾನೂ ಒಳಗೆ ಹೋಗಿ ಒಂದು ಸುತ್ತು ಹಾಕಿದೆ. ಒಂದು ಮೇಜಿನ ಮೇಲೆ ಎರಡು ಸ್ಟೀಲ್ ತಟ್ಟೆಗಳಿದ್ದವು. ಒಂದರ ಮೇಲೆ ನೀರಿನ ಹನಿ ಮುತ್ತಿನಂತೆ ದುಂಡಗೆ ಕುಳಿತಿತ್ತು. ಇನ್ನೊಂದರ ಮೇಲೆ ಅಷ್ಟೇ ನೀರು ತೆಳ್ಳಗೆ ಹರಡಿಕೊಂಡಿತ್ತು. ಹಿಂದೆ ಒಂದು ಚಾರ್ಟು: ನ್ಯಾನೋ ದ್ರವದ ಹನಿಗಳಿಂದ ಕಂಪ್ಯೂಟರ್ ಚಿಪ್ಪುಗಳನ್ನು ತಣಿಸುವುದು ಹೇಗೆ?

ಒಂದೇ ನೀರು, ಒಂದೇ ಸ್ಟೀಲು, ಹನಿ ಮಾತ್ರ ಎರಡು ಥರ ಯಾಕೆ ಎಂದು ಕೇಳಿದೆ. ಮೊದಲ ತಟ್ಟೆಗೆ ಎಣ್ಣೆ ಸವರಿದೆ, ಎರಡನೆಯದನ್ನು ಚೆನ್ನಾಗಿ ತೊಳೆದಿದೆ ಎಂದು ಅಲ್ಲಿದ್ದ ಹುಡುಗಿ ಹೇಳಿದಳು. ನನಗೆ ನಗು ಬಂತು. ಇದು ನನಗೆ ದಿನವೂ ರಾತ್ರಿ ಸಿಂಕಿನ ಮುಂದೆ ಕಾಣುವ ವಿಷಯ! ಪಕ್ಕದಲ್ಲೇ ನಿಂತಿದ್ದ ಭೌತಶಾಸ್ತ್ರದ ಉಪನ್ಯಾಸಕರು, ಈ ವಿಷಯವನ್ನು ಮೊದಲು ಸರಿಯಾಗಿ ಅಳೆದು ನೋಡಿದ ಒಬ್ಬರು ಸಿಂಕಿನ ಮುಂದೆ ನಿಂತೇ ಅದನ್ನು ಗಮನಿಸಿದ್ದರು ಎಂದರು. ಅವರು ಹೇಳಿದ ಹೆಸರು ನಮ್ಮ ಯಾವ ಪಠ್ಯಪುಸ್ತಕದಲ್ಲೂ ನಾನು ಕಂಡಿದ್ದಲ್ಲ: ಆಗ್ನೆಸ್ ಪೊಕೆಲ್ಸ್. ಆಕೆಯ ಬಗ್ಗೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹನಿಯ ಬಗ್ಗೆ ಎರಡು ಮಾತು. ಲುಹರ್ ನಮಾಜಿಗೆ ವುಝೂ ಮಾಡಿ ಫ್ಯಾನಿನ ಕೆಳಗೆ ನಿಂತರೆ ಮುಖ, ಕೈ ತಣ್ಣಗಾಗುವುದು ನಮಗೆಲ್ಲ ಗೊತ್ತು. ನೀರು ಆವಿಯಾಗಲು ಶಾಖ ಬೇಕು. ಆ ಶಾಖವನ್ನು ಅದು ನಮ್ಮ ಚರ್ಮದಿಂದ ತೆಗೆದುಕೊಳ್ಳುತ್ತದೆ. ಎಷ್ಟು ಶಾಖ ಎಂಬುದಕ್ಕೂ ಲೆಕ್ಕವಿದೆ. ಒಂದು ಗ್ರಾಂ ನೀರನ್ನು 20 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು 80 ಕ್ಯಾಲೊರಿ ಸಾಕು. ಅದೇ ಕುದಿಯುವ ಒಂದು ಗ್ರಾಂ ನೀರು ಪೂರ್ತಿ ಆವಿಯಾಗಲು ಸುಮಾರು 540 ಕ್ಯಾಲೊರಿ ಬೇಕು. ಅಂದರೆ ಹನಿ ಬಿಸಿಯಾಗುವಾಗ ಒಯ್ಯುವ ಶಾಖಕ್ಕಿಂತ ಆವಿಯಾಗಿ ಹೋಗುವಾಗ ಒಯ್ಯುವ ಶಾಖ ಆರೇಳು ಪಟ್ಟು ಹೆಚ್ಚು. ಬಿಸಿ ಚಿಪ್ಪಿನ ಮೇಲೆ ಸಣ್ಣ ಸಣ್ಣ ಹನಿ ಸಿಂಪಡಿಸಿ ತಣಿಸುವ ಯೋಚನೆ ಹುಟ್ಟಿದ್ದು ಇದರಿಂದಲೇ.

ಆದರೆ ಹನಿ ಬೇಗ ಆವಿಯಾಗಬೇಕಾದರೆ ಅದು ಹರಡಬೇಕು. ಮುದುಡಿ ಕುಳಿತ ಹನಿಯ ತಳ ಚಿಕ್ಕದು. ಹರಡಿದ ಹನಿ ತೆಳುವಾಗಿ, ಹೆಚ್ಚು ಜಾಗ ಮುಟ್ಟಿ, ಬೇಗ ಶಾಖ ಹೀರುತ್ತದೆ. ಕೈಗೆ ಎಣ್ಣೆ ಹಚ್ಚಿದ್ದ ದಿನ ವುಝೂ ಮಾಡುವಾಗ ನೀರು ಚೆನ್ನಾಗಿ ತಾಗುವಂತೆ ಉಜ್ಜು ಎಂದು ದಾದಿ ಹೇಳುತ್ತಾರೆ. ಎಣ್ಣೆಯ ಮೇಲೆ ನೀರು ನಿಲ್ಲದೆ ಮಣಿಮಣಿಯಾಗಿ ಜಾರುತ್ತದೆ ಎಂಬುದು ಅವರಿಗೆ ಯಾವ ಪುಸ್ತಕ ಓದದೆಯೂ ಗೊತ್ತು. ನೀರಿನ ಮೇಲ್ಮೈ ಒಂದು ಎಳೆದು ಕಟ್ಟಿದ ಪೊರೆಯಂತೆ ವರ್ತಿಸುತ್ತದೆ. ಇದಕ್ಕೆ ಮೇಲ್ಮೈ ಕರ್ಷಣ ಎಂದು ಹೆಸರು. ಈ ಎಳೆತ ಎಷ್ಟಿದೆ, ಅದನ್ನು ಯಾವುದು ಕಡಿಮೆ ಮಾಡುತ್ತದೆ ಎಂಬುದನ್ನು ಅಳೆದು ನೋಡುವುದರಲ್ಲೇ ಆಗ್ನೆಸ್ ತನ್ನ ಆಯುಷ್ಯ ಕಳೆದಳು.

ಆಕೆ ಹುಟ್ಟಿದ್ದು 1862ರ ಫೆಬ್ರವರಿ 14ರಂದು, ವೆನಿಸ್ ನಗರದಲ್ಲಿ. ಆಗ ವೆನಿಸ್ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. ತಂದೆ ಥಿಯೋಡೋರ್ ಪೊಕೆಲ್ಸ್ ಆಸ್ಟ್ರಿಯಾದ ಸೈನ್ಯದಲ್ಲಿ ಅಧಿಕಾರಿ. ಉತ್ತರ ಇಟಲಿಯ ಆ ಭಾಗದಲ್ಲಿ ಮಲೇರಿಯಾ ಹೆಚ್ಚು. ಕಾಯಿಲೆಯಿಂದ ಕುಗ್ಗಿದ ತಂದೆ ಬೇಗನೆ ನಿವೃತ್ತಿ ಪಡೆದರು. 1871ರಲ್ಲಿ ಸಂಸಾರ ಜರ್ಮನಿಯ ಬ್ರೌನ್‌ಶ್ವೈಗ್ ಪಟ್ಟಣಕ್ಕೆ ಬಂದು ನೆಲೆಸಿತು. ಆಗ್ನೆಸ್ ಅಲ್ಲಿನ ಹೆಣ್ಣುಮಕ್ಕಳ ಶಾಲೆಗೆ ಸೇರಿದಳು. ಆಕೆಗೆ ಎಲ್ಲಕ್ಕಿಂತ ಇಷ್ಟವಾದ ವಿಷಯ ಭೌತಶಾಸ್ತ್ರ.

ಶಾಲೆ ಮುಗಿಯಿತು. ಮುಂದೆ ದಾರಿ ಇರಲಿಲ್ಲ. ಆ ಕಾಲದ ಜರ್ಮನಿಯ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆಕೆಯ ತಮ್ಮ ಫ್ರೀಡ್ರಿಕ್ ಮೂರು ವರ್ಷ ಚಿಕ್ಕವನು. ಅವನು ಗಟ್ಟಿಂಗೆನ್ ವಿಶ್ವವಿದ್ಯಾಲಯಕ್ಕೆ ಹೋಗಿ ಭೌತಶಾಸ್ತ್ರ ಓದಿದ. ಅಕ್ಕ ಮನೆಯಲ್ಲಿ ಉಳಿದಳು. ಮುಂದೆ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯತೊಡಗಿದಾಗ, ಹೋಗಬೇಡ ಎಂದು ತಂದೆತಾಯಿ ಕೇಳಿಕೊಂಡರು. ಇಬ್ಬರಿಗೂ ಆರೋಗ್ಯ ಸರಿಯಿರಲಿಲ್ಲ. ಅಡುಗೆ, ಪಾತ್ರೆ, ಔಷಧಿ, ರೋಗಿಗಳ ಆರೈಕೆ ಎಲ್ಲವೂ ಮಗಳ ಹೆಗಲಿಗೆ ಬಂದಿತ್ತು. ಆಗ್ನೆಸ್ ಮದುವೆಯಾಗಲಿಲ್ಲ. ಆ ಊರು ಬಿಟ್ಟೂ ಹೋಗಲಿಲ್ಲ.

ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಆಕೆ ಪಾತ್ರೆ ತೊಳೆಯುವ ನೀರಿನ ಕಡೆ ಗಮನ ಕೊಟ್ಟಳು ಎಂದು ಆಕೆಯ ಮನೆಯವರು ಹೇಳುತ್ತಿದ್ದರಂತೆ. ಜಿಡ್ಡು ಬಿದ್ದ ನೀರು, ಸೋಪು ಬಿದ್ದ ನೀರು, ಶುದ್ಧ ನೀರು, ಮೂರೂ ಒಂದೇ ಥರ ವರ್ತಿಸುವುದಿಲ್ಲ. ಇದನ್ನು ನಾವೆಲ್ಲರೂ ನೋಡಿದ್ದೇವೆ. ನೋಡಿ ಸುಮ್ಮನಾಗಿದ್ದೇವೆ. ಆಗ್ನೆಸ್ ಸುಮ್ಮನಾಗಲಿಲ್ಲ, ಅಳೆಯಬೇಕೆಂದು ಹೊರಟಳು.

ಆಕೆ ಮಾಡಿಕೊಂಡ ಉಪಕರಣವನ್ನು ಇಂದೂ ಯಾರು ಬೇಕಾದರೂ ಮಾಡಿಕೊಳ್ಳಬಹುದು. ತಗಡಿನ ಒಂದು ಉದ್ದನೆಯ ತೊಟ್ಟಿ: 70 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲ, 2 ಸೆಂಟಿಮೀಟರ್ ಎತ್ತರ. ಅದರ ತುಂಬ, ಅಂಚಿನವರೆಗೆ ನೀರು. ಅಡ್ಡಲಾಗಿ, ನೀರಿಗೆ ತಾಗುವಂತೆ ಇಟ್ಟ ಒಂದು ತಗಡಿನ ಪಟ್ಟಿ. ಅದರ ಅಗಲ ಒಂದೂವರೆ ಸೆಂಟಿಮೀಟರ್. ಈ ಪಟ್ಟಿಯನ್ನು ಆಚೀಚೆ ಸರಿಸಿದರೆ ನೀರಿನ ಮೇಲ್ಮೈ ಒಂದು ಕಡೆ ಹಿಗ್ಗುತ್ತದೆ, ಇನ್ನೊಂದು ಕಡೆ ಕುಗ್ಗುತ್ತದೆ. ಮೇಲ್ಮೈ ಮೇಲೆ ಕೊಳೆಯಿದ್ದರೆ ಪಟ್ಟಿಯಿಂದಲೇ ಅದನ್ನು ಗುಡಿಸಿ ಒಂದು ಮೂಲೆಗೆ ತಳ್ಳಬಹುದು. ಕರ್ಷಣ ಅಳೆಯಲು 6 ಮಿಲಿಮೀಟರ್ ಅಗಲದ ಪುಟ್ಟ ಬಿಲ್ಲೆಯೊಂದನ್ನು ತಕ್ಕಡಿಗೆ ತೂಗುಬಿಟ್ಟು ನೀರಿಗೆ ತಾಗಿಸುತ್ತಿದ್ದಳು. ಅದನ್ನು ನೀರಿನಿಂದ ಬಿಡಿಸಿ ಮೇಲೆತ್ತಲು ಎಷ್ಟು ತೂಕ ಬೇಕಾಗುತ್ತದೆ ಎಂಬುದೇ ಲೆಕ್ಕ. ಹೆಚ್ಚು ತೂಕ ಬೇಕಾದರೆ ಹೆಚ್ಚು ಕರ್ಷಣ, ಅಷ್ಟೇ.

ಇಷ್ಟರಿಂದ ಆಕೆಗೆ ಸಿಕ್ಕಿದ್ದು ಬಹಳ ದೊಡ್ಡ ವಿಷಯ. ನೀರಿನ ಮೇಲೆ ತೀರಾ ಸ್ವಲ್ಪ ಜಿಡ್ಡು ಇದ್ದಾಗ ಮೇಲ್ಮೈಯನ್ನು ಕುಗ್ಗಿಸುತ್ತಾ ಹೋದರೂ ಕರ್ಷಣ ಬದಲಾಗುವುದಿಲ್ಲ, ಶುದ್ಧ ನೀರಿನಷ್ಟೇ ಇರುತ್ತದೆ. ಇನ್ನೂ ಕುಗ್ಗಿಸಿದರೆ ಒಂದು ಹಂತ ಬರುತ್ತದೆ. ಆ ಹಂತ ದಾಟಿದ ಕೂಡಲೇ ಕರ್ಷಣ ಸರ್ರನೆ ಇಳಿಯುತ್ತದೆ. ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಬಿಡಿಸುವ ರೇಖೆಗಳ ಹಾಗೆ ಇದನ್ನೂ ಬಿಡಿಸಿದರೆ, ನೆಟ್ಟಗೆ ಹೋಗುವ ಗೆರೆ ಒಂದು ಜಾಗದಲ್ಲಿ ಥಟ್ಟನೆ ಕೆಳಗೆ ಬಾಗುತ್ತದೆ. ನಾನು ಇದನ್ನು ಅರ್ಥ ಮಾಡಿಕೊಂಡದ್ದು ಬೆಳಗಿನ ನಮ್ಮ ಬಸ್ಸಿನಿಂದ. ಸೀಟು ಖಾಲಿ ಇರುವವರೆಗೆ ಎಷ್ಟು ಜನ ಹತ್ತಿದರೂ ಯಾರೂ ಯಾರನ್ನೂ ತಳ್ಳುವುದಿಲ್ಲ. ಬಸ್ಸು ತುಂಬಿದ ಮೇಲೆ ಹತ್ತುವ ಒಬ್ಬೊಬ್ಬರೂ ಎಲ್ಲರಿಗೂ ತಗಲುತ್ತಾರೆ. ನೀರಿನ ಮೇಲಿನ ಜಿಡ್ಡಿನ ಅಣುಗಳೂ ಹೀಗೆಯೇ. ಒಂದಕ್ಕೊಂದು ತಾಗುವಷ್ಟು ಒತ್ತಾದಾಗ ಮಾತ್ರ ಕರ್ಷಣ ಇಳಿಯತೊಡಗುತ್ತದೆ. ಆ ಹಂತದಲ್ಲಿ ನೀರಿನ ಮೇಲೆ ಇರುವುದು ಒಂದೇ ಒಂದು ಅಣುವಿನ ದಪ್ಪದ ಪದರ. ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದೆರಡು ಭಾಗ. ಇವತ್ತು ನಾವು ನ್ಯಾನೋಮೀಟರ್ ಎನ್ನುವ ಅಳತೆ ಅದೇ. ಆ ಪದ ಬಳಕೆಗೆ ಬರುವ ಎಷ್ಟೋ ಮೊದಲು, ಮನೆಯ ತಗಡಿನ ತೊಟ್ಟಿಯಲ್ಲಿ ಒಬ್ಬ ಹುಡುಗಿ ಆ ಅಳತೆಯ ಬಾಗಿಲು ತಟ್ಟಿದ್ದಳು.

ಸುಮಾರು ಹತ್ತು ವರ್ಷ ಆಕೆ ಹೀಗೆ ಒಬ್ಬಳೇ ಕೆಲಸ ಮಾಡಿದಳು. ತಮ್ಮ ಫ್ರೀಡ್ರಿಕ್ ಪುಸ್ತಕಗಳನ್ನೂ ವಿಜ್ಞಾನ ಪತ್ರಿಕೆಗಳನ್ನೂ ಒದಗಿಸುತ್ತಿದ್ದ. ಅಕ್ಕನಿಗೂ ಹೊರಗಿನ ಲೋಕಕ್ಕೂ ಇದ್ದ ಸೇತುವೆ ಅದೊಂದೇ. ಆದರೆ ಆಕೆಗೆ ತಿಳಿದದ್ದನ್ನು ಪ್ರಕಟಿಸಲು ದಾರಿಯಿರಲಿಲ್ಲ. ಪದವಿಯಿಲ್ಲ, ಪ್ರಯೋಗಶಾಲೆಯಿಲ್ಲ, ಪರಿಚಯ ಮಾಡಿಸುವ ಗುರುವಿಲ್ಲ.

ಅಷ್ಟರಲ್ಲಿ ಇಂಗ್ಲೆಂಡಿನ ಪ್ರಸಿದ್ಧ ವಿಜ್ಞಾನಿ ಲಾರ್ಡ್ ರ‍್ಯಾಲೆ ನೀರಿನ ಮೇಲಿನ ಎಣ್ಣೆಯ ಪದರದ ಬಗ್ಗೆ ಪ್ರಯೋಗ ಮಾಡುತ್ತಿರುವುದು ಆಕೆಗೆ ತಿಳಿಯಿತು. 1891ರ ಜನವರಿಯಲ್ಲಿ ಆಗ್ನೆಸ್ ಧೈರ್ಯ ಮಾಡಿ ಅವರಿಗೆ ಜರ್ಮನ್ ಭಾಷೆಯಲ್ಲಿ ಒಂದು ದೀರ್ಘ ಪತ್ರ ಬರೆದಳು. ಮೊದಲಿಗೆ ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿದಳು. ಆಮೇಲೆ ತೊಟ್ಟಿಯ ಅಳತೆಯಿಂದ ಹಿಡಿದು ಪ್ರಯೋಗದ ಫಲಿತಾಂಶಗಳವರೆಗೆ ಎಲ್ಲವನ್ನೂ ಅಚ್ಚುಕಟ್ಟಾಗಿ ತಿಳಿಸಿದಳು.

ಇಲ್ಲಿ ಕಥೆ ಬೇರೆ ಥರವೂ ತಿರುಗಬಹುದಿತ್ತು. ಪತ್ರ ಕಸದ ಬುಟ್ಟಿಗೆ ಹೋಗಬಹುದಿತ್ತು. ಅಥವಾ ಅದರಲ್ಲಿದ್ದ ವಿಚಾರವನ್ನು ರ‍್ಯಾಲೆ ತಮ್ಮ ಹೆಸರಿನಲ್ಲಿ ಬರೆದುಕೊಳ್ಳಬಹುದಿತ್ತು. ಎರಡೂ ಆಗಲಿಲ್ಲ. ರ‍್ಯಾಲೆ ಅವರ ಪತ್ನಿ ಆ ಪತ್ರವನ್ನು ಇಂಗ್ಲಿಷಿಗೆ ಅನುವಾದಿಸಿದರು. ರ‍್ಯಾಲೆ ಅದನ್ನು ನೇಚರ್ ಪತ್ರಿಕೆಗೆ ಕಳಿಸಿದರು. ಬಹಳ ಸರಳ ಸಾಧನಗಳಿಂದ ಈ ಮಹಿಳೆ ಬೆಲೆಬಾಳುವ ಫಲಿತಾಂಶ ಪಡೆದಿದ್ದಾರೆ, ದಯವಿಟ್ಟು ಜಾಗ ಕೊಡಿ ಎಂಬ ಅರ್ಥದ ಶಿಫಾರಸನ್ನೂ ಜೊತೆಗಿಟ್ಟರು. 1891ರ ಮಾರ್ಚ್ 12ರ ಸಂಚಿಕೆಯಲ್ಲಿ ಆಗ್ನೆಸ್ ಪೊಕೆಲ್ಸ್ ಹೆಸರಿನಲ್ಲೇ ಅದು ಅಚ್ಚಾಯಿತು. ಆಗ ಆಕೆಗೆ 29 ವರ್ಷ. ಇದೇ ರ‍್ಯಾಲೆಗೆ 1904ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಅದು ಬೇರೆ ಕೆಲಸಕ್ಕಾಗಿ. ನನಗೆ ಮಾತ್ರ ಅವರು ದೊಡ್ಡವರಾಗಿ ಕಂಡದ್ದು ಈ ಪತ್ರದ ವಿಷಯದಲ್ಲಿ. ಮತ್ತೊಬ್ಬರ ಅಮಾನತ್ತನ್ನು ಅವರ ಹೆಸರಿಗೇ ಜಮಾ ಮಾಡುವುದು ನಮ್ಮ ಲೆಕ್ಕಶಾಸ್ತ್ರದ ಮೊದಲ ಪಾಠವೂ ಹೌದು, ದೀನಿನ ಪಾಠವೂ ಹೌದು.

ಆಮೇಲೆ ಆಗ್ನೆಸ್ 1892, 1893, 1894ರಲ್ಲಿ ನೇಚರ್‌ನಲ್ಲೇ ಮತ್ತೆ ಬರೆದಳು, ಜರ್ಮನ್ ಪತ್ರಿಕೆಗಳಲ್ಲೂ ಬರೆದಳು. ಮನೆಯ ಕೆಲಸ ಮಾತ್ರ ಕಡಿಮೆಯಾಗಲಿಲ್ಲ. 1906ರಲ್ಲಿ ತಂದೆ ತೀರಿಕೊಂಡರು. ತಮ್ಮ ಫ್ರೀಡ್ರಿಕ್ ಅಷ್ಟರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಪ್ರಾಧ್ಯಾಪಕನಾಗಿದ್ದ. ವಿದ್ಯುತ್ ಕ್ಷೇತ್ರದಿಂದ ಕೆಲವು ಹರಳುಗಳಲ್ಲಿ ಬೆಳಕಿನ ನಡೆ ಬದಲಾಗುವುದನ್ನು ಇಂದಿಗೂ ಅವನ ಹೆಸರಿನಿಂದ ಪೊಕೆಲ್ಸ್ ಪರಿಣಾಮ ಎನ್ನುತ್ತಾರೆ. 1913ರಲ್ಲಿ ಅವನೂ ಹೋದ. ಮರುವರ್ಷ ತಾಯಿ ಹೋದರು. ಅದೇ ವರ್ಷ ಮಹಾಯುದ್ಧವೂ ಆರಂಭವಾಯಿತು. ಪುಸ್ತಕ ತರುವ ತಮ್ಮನಿಲ್ಲ, ಪತ್ರಿಕೆಗಳು ಸಿಗುವುದು ಕಷ್ಟ, ಕಣ್ಣೂ ಮಂಜಾಗತೊಡಗಿತು. ಆಕೆಯ ಕೆಲಸ ನಿಧಾನವಾಗಿ ನಿಂತುಹೋಯಿತು.

ಆದರೆ ಆ 1914ರಲ್ಲೇ ಆಕೆ ಪ್ರಕಟಿಸಿದ ಒಂದು ಲೇಖನ ನಮ್ಮ ವಸ್ತುಪ್ರದರ್ಶನದ ಆ ಎರಡು ತಟ್ಟೆಗಳಿಗೆ ನೇರವಾಗಿ ಸಂಬಂಧಿಸಿದ್ದು. ಘನ ವಸ್ತುವಿನ ಮೇಲೆ ದ್ರವ ಹೇಗೆ ಹರಡುತ್ತದೆ, ಹನಿಯ ಅಂಚು ತಟ್ಟೆಯನ್ನು ಯಾವ ಕೋನದಲ್ಲಿ ಮುಟ್ಟುತ್ತದೆ ಎಂಬುದೇ ಅದರ ವಿಷಯ. ಇದನ್ನು ಸಂಪರ್ಕ ಕೋನ ಎನ್ನುತ್ತಾರೆ. ಕೋನ ಚಿಕ್ಕದಾದರೆ ಹನಿ ಹರಡಿದೆ, ತಟ್ಟೆ ಒದ್ದೆಯಾಗಿದೆ. ಕೋನ ದೊಡ್ಡದಾದರೆ ಹನಿ ಮುದುಡಿದೆ.

ಇವತ್ತಿನ ಶೀತಲೀಕರಣದ ಕೆಲಸದಲ್ಲಿ ಈ ಕೋನ ಬಹಳ ಮುಖ್ಯ. ನೀರಿನಲ್ಲಿ ಅಲ್ಯುಮಿನಿಯಂ ಆಕ್ಸೈಡ್, ತಾಮ್ರದ ಆಕ್ಸೈಡ್‌ನಂಥ ವಸ್ತುಗಳ ಅತಿ ಸಣ್ಣ ಕಣಗಳನ್ನು ಬೆರೆಸಿದರೆ ಅದು ನ್ಯಾನೋ ದ್ರವ. ಆ ಹೆಸರು ಚಾಲ್ತಿಗೆ ಬಂದದ್ದು 1995ರಲ್ಲಿ. ಅದರ ಹನಿ ಬಿಸಿ ತಟ್ಟೆಯ ಮೇಲೆ ಆವಿಯಾದಾಗ ನೀರು ಹೋಗುತ್ತದೆ, ಕಣಗಳು ಉಳಿಯುತ್ತವೆ. ಚಹಾದ ಹನಿ ಒಣಗಿದಾಗ ಅಂಚಿನಲ್ಲಿ ಕಪ್ಪು ಉಂಗುರ ಉಳಿಯುವ ಹಾಗೆಯೇ ಇಲ್ಲೂ ಉಂಗುರ ಉಳಿಯುವುದುಂಟು. ಅಂಚಿನಲ್ಲಿ ನೀರು ಬೇಗ ಆವಿಯಾಗುತ್ತದೆ. ಆ ಜಾಗ ತುಂಬಲು ಒಳಗಿನ ನೀರು ಅಂಚಿಗೆ ಹರಿಯುತ್ತಾ ಕಣಗಳನ್ನೂ ಹೊತ್ತು ತರುತ್ತದೆ. ಕುದಿಯುವ ಮೇಲ್ಮೈಗಳಲ್ಲಿ ಹೀಗೆ ಕೂತ ಕಣಗಳ ಪದರ ಎಷ್ಟೋ ಸಲ ಮುಂದಿನ ನೀರು ಇನ್ನೂ ಚೆನ್ನಾಗಿ ಹರಡುವಂತೆ ಮಾಡುತ್ತದೆ. ಕೆಲವೊಮ್ಮೆ ಅದೇ ಪದರ ದಪ್ಪವಾಗಿ ಶಾಖಕ್ಕೆ ಅಡ್ಡಿಯೂ ಆಗಬಹುದು. ಲಾಭ ಯಾವಾಗ, ನಷ್ಟ ಯಾವಾಗ ಎಂಬ ಲೆಕ್ಕವನ್ನು ವಿಜ್ಞಾನಿಗಳು ಇನ್ನೂ ಹಾಕುತ್ತಿದ್ದಾರೆ.

ಇದನ್ನೆಲ್ಲ ಓದಿದ ಮೇಲೆ ನಾನೂ ಒಂದು ಭಾನುವಾರ ಎರಡು ಸ್ಟೀಲ್ ತಟ್ಟೆ ತೆಗೆದುಕೊಂಡು ಟೆರೇಸಿಗೆ ಹೋದೆ. ಒಂದನ್ನು ಪುಡಿ ಹಾಕಿ ಉಜ್ಜಿ ತೊಳೆದೆ. ಇನ್ನೊಂದಕ್ಕೆ ಎಣ್ಣೆಯ ಬೆರಳು ಸವರಿದೆ. ದಾದಿಯ ಔಷಧಿಯ ಡ್ರಾಪರಿನಿಂದ ಎರಡರ ಮೇಲೂ ಹತ್ತತ್ತು ಹನಿ ಹಾಕಿ ಬಿಸಿಲಿನಲ್ಲಿಟ್ಟೆ. ಮೂರು ಸಲ ಮಾಡಿದೆ. ಮೂರೂ ಸಲ ಹರಡಿದ ನೀರೇ ಮೊದಲು ಒಣಗಿತು. ಗಡಿಯಾರ ನೋಡಿ ಬರೆದ ಸಮಯಗಳು ನನ್ನ ಅಕೌಂಟೆನ್ಸಿ ನೋಟಿನ ಕೊನೆಯ ಪುಟದಲ್ಲಿವೆ. ಏನು ಮಾಡುತ್ತಿದ್ದೀ ಎಂದು ಅಮ್ಮಿ ಕೇಳಿದರು. ತಟ್ಟೆ ಒಣಗಿಸುತ್ತಿದ್ದೇನೆ ಎಂದೆ. ಅದು ಸುಳ್ಳೇನೂ ಆಗಿರಲಿಲ್ಲ.

ಈಗ ಒಂದು ಸ್ವಂತ ವಿಷಯ ಹೇಳಲೇಬೇಕು. ಎಸ್ಸೆಸ್ಸೆಲ್ಸಿಯಲ್ಲಿ ನನಗೆ ಅತಿ ಹೆಚ್ಚು ಅಂಕ ಬಂದದ್ದು ವಿಜ್ಞಾನದಲ್ಲಿ. ಆದರೂ ನಾನು ವಾಣಿಜ್ಯ ತೆಗೆದುಕೊಂಡೆ. ಪ್ರ್ಯಾಕ್ಟಿಕಲ್ ಇರುವ ದಿನ ಮನೆ ಸೇರುವುದು ತಡವಾಗುತ್ತದೆ. ದಾದಿ ಹಾಸಿಗೆ ಹಿಡಿದಿದ್ದಾರೆ. ಅಮ್ಮಿ ಹೊಲಿಗೆಗೆ ಕುಳಿತರೆ ಏಳಲಾಗುವುದಿಲ್ಲ. ಇದನ್ನು ದೂರು ಎಂದು ಬರೆಯುತ್ತಿಲ್ಲ. ಯಾರೂ ನನ್ನನ್ನು ಬಲವಂತ ಮಾಡಲಿಲ್ಲ. ದಾದಿಯ ಸೇವೆ ನನಗೆ ಭಾರವೂ ಅಲ್ಲ, ಲೆಕ್ಕಶಾಸ್ತ್ರ ಈಗ ನನಗೆ ಇಷ್ಟವೂ ಆಗಿದೆ. ಆದರೆ ಆಗ್ನೆಸ್‌ಳ ಕಥೆಯನ್ನು ಮೊದಲ ಸಲ ಓದಿ ಮುಗಿಸಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಮೊದಲು ನನಗೆ ಸಮಾಧಾನವಾಗಿತ್ತು. ನೋಡು, ಮನೆಯಲ್ಲೇ ಇದ್ದುಕೊಂಡು ಎಷ್ಟು ಸಾಧಿಸಿದಳು ಎಂದುಕೊಂಡೆ. ಆಮೇಲೆ ಯೋಚಿಸಿದರೆ ಆ ಮಾತು ಅರ್ಧ ಮಾತ್ರ ಸರಿ ಅನ್ನಿಸಿತು. ಒಂದೇ ಮನೆಯ ಇಬ್ಬರು ಮಕ್ಕಳು. ಒಬ್ಬನಿಗೆ ವಿಶ್ವವಿದ್ಯಾಲಯ ಸಿಕ್ಕಿತು, ಇನ್ನೊಬ್ಬಳಿಗೆ ಸಿಂಕು ಸಿಕ್ಕಿತು. ಸಿಂಕಿನಿಂದಲೂ ಆಕೆ ವಿಜ್ಞಾನ ತೆಗೆದಳು ಎಂಬುದು ಆಕೆಯ ದೊಡ್ಡತನ. ಸಿಂಕೇ ಸಾಕು ಎಂಬುದಕ್ಕೆ ಅದು ಸಾಕ್ಷಿಯಲ್ಲ. ಹತ್ತು ವರ್ಷ ಆಕೆಯ ಕೆಲಸ ಯಾರಿಗೂ ತಿಳಿಯದೆ ಉಳಿಯಿತು. ಆ ತೊಟ್ಟಿಯ ವಿಧಾನವನ್ನು ಮುಂದುವರಿಸಿದ ಅಮೆರಿಕದ ಇರ್ವಿಂಗ್ ಲ್ಯಾಂಗ್ಮ್ಯೂರ್ 1932ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದರು. ಇವತ್ತಿಗೂ ಪ್ರಯೋಗಶಾಲೆಗಳಲ್ಲಿ ಹೆಚ್ಚಿನವರು ಆ ತೊಟ್ಟಿಯನ್ನು ಲ್ಯಾಂಗ್ಮ್ಯೂರ್ ಹೆಸರಿನಿಂದಲೇ ಕರೆಯುತ್ತಾರೆ.

ಆಗ್ನೆಸ್‌ಗೂ ಗೌರವ ಬಂತು, ತಡವಾಗಿ. 1931ರಲ್ಲಿ ಜರ್ಮನಿಯ ವಿಜ್ಞಾನಿಗಳ ಸಂಘವೊಂದು ಆಕೆಗೆ ಲಾರಾ ಲಿಯೊನಾರ್ಡ್ ಬಹುಮಾನ ಕೊಟ್ಟಿತು. 1932ರಲ್ಲಿ ಬ್ರೌನ್‌ಶ್ವೈಗ್‌ನ ತಾಂತ್ರಿಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅಂದರೆ ಆಕೆ ಅಷ್ಟು ವರ್ಷ ಬದುಕಿದ ಊರೇ ಕೊನೆಗೆ ಬಾಗಿಲು ತೆರೆಯಿತು. ಆಗ ಆಕೆಗೆ 70 ವರ್ಷ. 1935ರ ನವೆಂಬರ್ 21ರಂದು ಅದೇ ಊರಿನಲ್ಲಿ ಆಕೆ ತೀರಿಕೊಂಡಳು.

ಈ ಕಥೆಯಲ್ಲಿ ಆಗ್ನೆಸ್‌ಳಷ್ಟೇ ನನಗೆ ಮುಖ್ಯವಾಗಿ ಕಂಡವರು ಇನ್ನೂ ಮೂವರು: ಪುಸ್ತಕ ಒದಗಿಸಿದ ತಮ್ಮ, ಪತ್ರ ಅನುವಾದಿಸಿದ ಹೆಂಗಸು, ಆಕೆಯ ಹೆಸರಿನಲ್ಲೇ ಅಚ್ಚು ಹಾಕಿಸಿದ ವಿಜ್ಞಾನಿ. ನಾವೆಲ್ಲರೂ ಆಗ್ನೆಸ್ ಆಗಲಾರೆವು. ಆದರೆ ಈ ಮೂವರಲ್ಲಿ ಒಬ್ಬರಾಗುವುದು ಯಾರಿಗೂ ಕಷ್ಟವಲ್ಲ. ನಮ್ಮ ಕಾಲೇಜಿನ ಹುಡುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಓದು ನಿಲ್ಲಿಸಿದ ಅಕ್ಕನೋ ತಂಗಿಯೋ ಇದ್ದರೆ, ಲೈಬ್ರರಿಯಿಂದ ನಿಮಗಾಗಿ ಒಂದು ಪುಸ್ತಕ ಒಯ್ಯುವಾಗ ಅವರಿಗೂ ಒಂದು ಒಯ್ಯಿರಿ. ಯಾವ ಪುಸ್ತಕ ಬೇಕು ಎಂದು ಮೊದಲು ಅವರನ್ನೇ ಕೇಳಿ.

ಭೌತಶಾಸ್ತ್ರದ ಉಪನ್ಯಾಸಕರಿಗೆ ನನ್ನ ಕೊನೆಯ ಪುಟದ ಲೆಕ್ಕ ತೋರಿಸಿದೆ. ಗಾಳಿ ಬೀಸಿದ ದಿನ ಮತ್ತು ಬೀಸದ ದಿನವನ್ನು ಬೇರೆ ಬೇರೆ ಬರೆಯಬೇಕಿತ್ತು ಎಂದು ತಪ್ಪು ತೋರಿಸಿದರು. ಹನಿಗಳ ಗಾತ್ರ ಒಂದೇ ಇತ್ತೇ ಎಂದೂ ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ. ಮುಂದಿನ ಭಾನುವಾರ ಮತ್ತೆ ಮಾಡುತ್ತೇನೆ. ಈ ಸಲ ಅಮ್ಮಿ ಕೇಳಿದರೆ ನಿಜವಾದ ಉತ್ತರವನ್ನೇ ಹೇಳಬೇಕೆಂದಿದ್ದೇನೆ.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ